ಟೆಕ್ಸಾಸ್‌ನಲ್ಲಿ ಮನೆಯಿಂದ ಚಕ್ಕಲಿ, ಹೋಳಿಗೆ, ಬಿಸಿಬೇಳೆಬಾತ್ ಮಾರಲು ಲೈಸೆನ್ಸ್ ಬೇಕೇ?

ನಮಸ್ಕಾರ ಮೇಡಂ. ಲೈಸೆನ್ಸ್ ಬೇಡ, ಆದರೆ ಫುಡ್ ಹ್ಯಾಂಡ್ಲರ್ ಕೋರ್ಸ್ (ಆಹಾರವನ್ನು ಸುರಕ್ಷಿತವಾಗಿ ತಯಾರಿಸುವ ತರಬೇತಿ) ಕಡ್ಡಾಯ, ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ನಿಮಗೆ ಸಿಕ್ಕ "ಬಿಸಿಬೇಳೆಬಾತ್ ಮಾರುವಂತಿಲ್ಲ" ಎಂಬ ಮಾಹಿತಿ ಹಳೆಯದು. 2025ರ ಸೆಪ್ಟೆಂಬರ್ 1ರಿಂದ ಮನೆಯಲ್ಲಿ ಮಾಡಿದ ತಿನಿಸು ಮಾರುವ ಕುರಿತ ಟೆಕ್ಸಾಸ್ ಕಾನೂನು ಬದಲಾಗಿದೆ. ವಾರ್ಷಿಕ ಮಾರಾಟದ ಮಿತಿಯೂ 50,000 ಡಾಲರ್‌ನಿಂದ 1,50,000ಕ್ಕೆ ಏರಿದೆ. ಮಾಂಸ, ಕೋಳಿ, ಮೀನು, ಐಸ್‌ಕ್ರೀಮ್ ಈಗಲೂ ನಿಷಿದ್ಧ.

ಚಕ್ಕಲಿ, ಕೋಡುಬಳೆ, ಸಾರಿನ ಪುಡಿ ಸುಲಭದ ಬಾಬತ್ತು. ಫ್ರಿಜ್‌ನಲ್ಲಿಡಬೇಕಾದ ಬಿಸಿಬೇಳೆಬಾತ್, ಮೊಸರನ್ನದಂಥವಕ್ಕೆ ಮೊದಲು ರಾಜ್ಯದ ಆರೋಗ್ಯ ಸೇವಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಇವನ್ನು ಗಿರಾಕಿಗೆ ನೇರವಾಗಿಯೇ ಮಾರಬೇಕು, ಅಂಗಡಿಗೆ ಕೊಡುವಂತಿಲ್ಲ. ಬೇಳೆ ಹೂರಣದಲ್ಲಿ ತೇವವಿರುವುದರಿಂದ ಹೋಳಿಗೆಯನ್ನೂ ಇದೇ ಗುಂಪಿಗೆ ಸೇರಿಸಿಕೊಳ್ಳುವುದು ಕ್ಷೇಮ. ತಣ್ಣಗಿಡುವುದೆಂದರೆ 41 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಕಡಿಮೆ. ದೊಡ್ಡ ಪಾತ್ರೆಯಲ್ಲಿ ಬಾತ್ ಹಾಗೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಎರಡು ಇಂಚಿಗಿಂತ ಆಳವಿಲ್ಲದ ಟ್ರೇಗಳಿಗೆ ಹರಡಿ ಆರಿಸಿ.

ಹೆಚ್ಚಿನವರು ಎಡವುವುದು ಲೇಬಲ್‌ನಲ್ಲಿ. ತಿನಿಸಿನ ಹೆಸರು, ನಿಮ್ಮ ವ್ಯವಹಾರದ ಹೆಸರು, ವಿಳಾಸ (ಮನೆ ವಿಳಾಸ ಬೇಡವೆಂದರೆ ಇಲಾಖೆ ಕೊಡುವ ನೋಂದಣಿ ಸಂಖ್ಯೆ), ಅಲರ್ಜಿಕಾರಕಗಳು, ಇದು ಸರ್ಕಾರದ ತಪಾಸಣೆಗೆ ಒಳಪಡದ ಮನೆಯಲ್ಲಿ ತಯಾರಾದದ್ದು ಎಂಬ ಹೇಳಿಕೆ, ಇಷ್ಟೂ ಇರಬೇಕು. ಚಕ್ಕಲಿಯ ಎಳ್ಳು ಅಲರ್ಜಿಕಾರಕ, ಗೋಧಿಯೂ ಹೌದು. ಅಕ್ಕಿಹಿಟ್ಟಿನದಲ್ಲವೇ, ಗೋಧಿ ಎಲ್ಲಿಂದ ಎನ್ನಬೇಡಿ: ಡಬ್ಬಿಯ ಇಂಗಿನಲ್ಲಿ ಬಹಳಷ್ಟು ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಡಬ್ಬಿ ತಿರುಗಿಸಿ ಓದಿ.

ನೆರೆರಾಜ್ಯ ಒಕ್ಲಹೋಮಾದಲ್ಲಿರುವ ನಿಮ್ಮ ಗೆಳತಿಯರ ಆರ್ಡರ್ ಮಾತ್ರ ಒಪ್ಪಬೇಡಿ. ಲೈಸೆನ್ಸ್ ಇಲ್ಲದೆ ಮಾರುವ ಈ ವಿನಾಯಿತಿ ಟೆಕ್ಸಾಸ್ ಗಡಿಯೊಳಗೆ ಮಾತ್ರ.