ಡ್ರಮ್ಸ್ ಮಾರಬೇಡಿ, ಮೊದಲು ಕೆಳಗಿನ ಮನೆಗೆ ಹೋಗಿ ಬನ್ನಿ

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಚಿಕ್ಕಂದಿನಿಂದ ಡ್ರಮ್ಸ್ ಕಲಿಯುವ ಆಸೆ ಇತ್ತು. ಹೋದ ವರ್ಷ ಕ್ಲಾಸಿಗೆ ಸೇರಿ, ಸೆಕೆಂಡ್ ಹ್ಯಾಂಡ್ ಸೆಟ್ ತಂದೆ. ಆಫೀಸಿನಿಂದ ಬಂದು ಅರ್ಧ ಗಂಟೆ ನುಡಿಸುತ್ತಿದ್ದೆ. ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ನನಗೆ ಏನೂ ಹೇಳದೆ ವಾಟ್ಸ್‌ಆಪ್ ಗ್ರೂಪಿನಲ್ಲಿ ದೂರು ಹಾಕಿದರು. ತುಂಬಾ ಅವಮಾನವಾಯಿತು. ಮೂರು ವಾರದಿಂದ ಸ್ಟಿಕ್ ಮುಟ್ಟಿಲ್ಲ. 'ಈ ವಯಸ್ಸಿನಲ್ಲಿ ಯಾಕೆ ಬೇಕು, ಮಾರಿಬಿಡು' ಅನ್ನುತ್ತಾರೆ ಗಂಡ. ಮಾರಿಬಿಡಲಾ?

ಉತ್ತರ: ಬೇಡ, ಮಾರಬೇಡಿ. ಇಷ್ಟು ವರ್ಷ ಕಾದು ತಂದಿದ್ದೀರಿ. ಗ್ರೂಪಿನಲ್ಲಿ ಎಲ್ಲರೆದುರು ಹೇಳಿಸಿಕೊಂಡ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವರ ತೊಂದರೆಯೂ ನಿಜ. ಅದು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿಯೇ ಇರಬಹುದು.

ನಾನು ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ ಮೇಲಿನವರು ಬೆಳಿಗ್ಗೆ ಟೀಗೆ ಶುಂಠಿ ಜಜ್ಜಲು ಕುಟ್ಟಾಣಿಯನ್ನು ನೆಲದ ಮೇಲೆ ಇಡುತ್ತಿದ್ದರು. ಅವರ ಟಿವಿ ನನಗೆ ಒಂದು ದಿನವೂ ಕೇಳಿಸಲಿಲ್ಲ. ಕುಟ್ಟಾಣಿ ಮಾತ್ರ ನನ್ನ ದಿಂಬಿನೊಳಗೇ ಇದ್ದ ಹಾಗೆ ಕೇಳಿಸುತ್ತಿತ್ತು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ನಿಮ್ಮ ಕಿಕ್ ಪೆಡಲ್ ಕೂಡ ಹಾಗೇ. ಗಾಳಿಯಲ್ಲಿ ಹೋಗುವ ಸದ್ದನ್ನು ಬಾಗಿಲು, ಕಿಟಕಿ ಒಂದಿಷ್ಟು ತಡೆಯುತ್ತವೆ. ನೆಲಕ್ಕೆ ಬಿದ್ದ ಪೆಟ್ಟು ಸ್ಲ್ಯಾಬಿನ ಮೂಲಕ ನೇರ ಅವರ ತಲೆಯ ಮೇಲೆ ಇಳಿಯುತ್ತದೆ.

ಹಾಗಾಗಿ ಭಾನುವಾರ ಕೆಳಗಿನ ಮನೆಗೆ ಹೋಗಿ. ಕ್ಷಮೆ ಕೇಳಿ ಎದ್ದು ಬರಬೇಡಿ, ಸ್ವಲ್ಪ ಹೊತ್ತು ಕೂತುಕೊಳ್ಳಿ. ಆ ಹೊತ್ತಿಗೆ ಮೇಲೆ ನಿಮ್ಮ ಗಂಡ ಪೆಡಲ್ ಒತ್ತಲಿ. ಅಡುಗೆಮನೆಯ ತಟ್ಟೆ ಸ್ಟ್ಯಾಂಡ್ ಗಲಗಲ ಅಂದರೆ ಅವರು ಏನೂ ಹೇಳುವುದೇ ಬೇಡ. ಅವರು ಮಧ್ಯಾಹ್ನ ಮಲಗುವುದು ಯಾವಾಗ, ಸಂಜೆ ದೀಪ ಹಚ್ಚುವುದು ಯಾವಾಗ, ಯಾರಿಗಾದರೂ ಹುಷಾರಿಲ್ಲವಾ ಅಂತ ಕೇಳಿಕೊಂಡು, ನುಡಿಸುವ ಅರ್ಧ ಗಂಟೆಯನ್ನು ಅವರಿಂದಲೇ ಗೊತ್ತು ಮಾಡಿಸಿಕೊಳ್ಳಿ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಿದ್ದರೆ ಅದೇ ಸದ್ದನ್ನು ತಾಳಿಕೊಳ್ಳುವುದು ಸುಲಭ.

'ರಾತ್ರಿ 10ರವರೆಗೆ ಎಷ್ಟು ಬೇಕಾದರೂ ಬಾರಿಸಬಹುದು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಲ್ಲೂ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಜೋರಾಗಿ ನುಡಿಸಿದ ಡ್ರಮ್ಸ್ ಹತ್ತಿರದಲ್ಲಿ 100 ದಾಟುತ್ತದೆ.

ಇನ್ನು ಸೆಟ್ ವಿಷಯ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲು ಹೋಗಬೇಡಿ. ಹಗುರವಾದ ರಟ್ಟು ಸದ್ದನ್ನು ತಡೆಯುವುದಿಲ್ಲ. ಡ್ರಮ್ಮುಗಳಿಗೆ ಈಗಿರುವ ಹೆಡ್ (ಬಾರಿಸುವ ಹೊದಿಕೆ) ಬಿಚ್ಚಿ ಬಲೆಯಂಥ ಮೆಶ್ ಹೆಡ್ ಹಾಕಿಸಿ, ಜೊತೆಗೆ ತೂತುಗಳಿರುವ ಲೋ ವಾಲ್ಯೂಮ್ ಸಿಂಬಲ್ (ಲೋಹದ ತಟ್ಟೆ) ತನ್ನಿ. ಸದ್ದು ತುಂಬಾ ಇಳಿಯುತ್ತದೆ, ಸೆಟ್ ನಿಮ್ಮದೇ ಇರುತ್ತದೆ. ಎಲೆಕ್ಟ್ರಾನಿಕ್ ಸೆಟ್ ತಂದು ಹೆಡ್‌ಫೋನ್ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅದರ ಪೆಡಲ್ ಕೂಡ ನೆಲಕ್ಕೆ ಗುದ್ದುತ್ತದೆ. ಪೆಡಲಿಗೆ ಇರುವ ಉಪಾಯ ಟೆನಿಸ್ ಚೆಂಡು. ದಪ್ಪ ಪ್ಲೈವುಡ್ ಹಲಗೆ ಎರಡು ತೆಗೆದುಕೊಂಡು, ಕೆಳಗಿನದರಲ್ಲಿ ಚೆಂಡು ಅರ್ಧ ಕೂರುವಷ್ಟು ತೂತು ಕೊರೆಸಿ, ಚೆಂಡುಗಳ ಮೇಲೆ ಇನ್ನೊಂದು ಹಲಗೆ ಇಡಿ. ಇಡೀ ಸೆಟ್, ನಿಮ್ಮ ಸ್ಟೂಲ್ ಕೂಡ, ಆ ಹಲಗೆಯ ಮೇಲಿರಲಿ. ಬಡಗಿಗೆ ಒಂದು ದಿನದ ಕೆಲಸ. ಹಲಗೆ ಕೂರಿಸಿದ ಮೇಲೆ ಮತ್ತೆ ಕೆಳಗೆ ಹೋಗಿ ಕೇಳಿಸಿಕೊಂಡು ಬನ್ನಿ. ಇನ್ನೂ ಗುದ್ದುತ್ತಿದ್ದರೆ ಪೆಡಲ್ ಅಭ್ಯಾಸ ಕ್ಲಾಸಿನಲ್ಲೇ ಇರಲಿ.

ಮೂರು ವಾರ ಕೈ ಸುಮ್ನೆ ಇಟ್ಟುಕೊಂಡಿದ್ದೀರಲ್ಲ, ಅದು ನನಗೆ ಬೇಸರವಾಯಿತು. ನಮ್ಮ ಮೃದಂಗದ ಮಕ್ಕಳು ಬಾಯಲ್ಲಿ ಸೊಲ್ಲು ಹೇಳಿ, ಕೈಯಲ್ಲಿ ತಾಳ ಹಾಕಿ ಎಷ್ಟೋ ಪಾಠ ಕಲಿಯುತ್ತಾರೆ. ನೀವೂ ಏಳರ ಎಣಿಕೆಗೆ 'ತಕಿಟ ತಕಧಿಮಿ' ಹೇಳಿ ನೋಡಿ. ರಾತ್ರಿ ಹೊತ್ತು ರಬ್ಬರ್ ಪ್ಯಾಡನ್ನು ಮಡಿಸಿದ ಕಂಬಳಿಯ ಮೇಲಿಟ್ಟು ಪ್ಯಾರಡಿಡಲ್ ಅನ್ನುವ ಕೈ ಅಭ್ಯಾಸ ಮಾಡಿ: ಬಲ, ಎಡ, ಬಲ, ಬಲ, ಎಡ, ಬಲ, ಎಡ, ಎಡ. ಲಯ ಹಿಡಿಯಲು ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ನಿಧಾನವಾಗಿ ಶುರು ಮಾಡಿ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಎಚ್ಚರವಾಗುವುದಿಲ್ಲ.

ಗಂಡನಿಗೆ ಸದ್ಯಕ್ಕೆ ಏನೂ ವಾದ ಮಾಡಬೇಡಿ. ಭಾನುವಾರ ಪೆಡಲ್ ಒತ್ತಲು ಮಾತ್ರ ಕರೆಯಿರಿ.