ಬೆಟ್ಟ ಹತ್ತಿ ಕೇಳುವ ಪಾಠ

ಪ್ರಶ್ನೆ: ಮೇಡಂ, ನಾನು ಶಿರಸಿ ಹತ್ತಿರದ ಹಳ್ಳಿಯವಳು. ಬಿ.ಕಾಂ. ಓದುತ್ತಿದ್ದೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ‘ಸ್ವಯಂ’ನಲ್ಲಿ ಒಂದು ಕೋರ್ಸ್ ಸೇರಿದೆ. ಮನೆಯಲ್ಲಿ ಸಿಗ್ನಲ್ ಇಲ್ಲ, ಸೊಪ್ಪಿನ ಬೆಟ್ಟ ಹತ್ತಬೇಕು. ಹತ್ತಿದರೂ ವಿಡಿಯೋ ನೋಡುತ್ತಾ ನಿದ್ದೆ ಬರುತ್ತದೆ. ಬಿಟ್ಟುಬಿಡಲಾ?

ಉತ್ತರ: ನಿದ್ದೆ ಬರುವುದು ನಿನ್ನ ತಪ್ಪಲ್ಲ, ತಂಗಿ. 2020ರಲ್ಲಿ ನಾನು ಕಾರವಾರದ ಮನೆಯಿಂದ ಪಾಠ ಮಾಡುತ್ತಿದ್ದೆ. ಮೊಬೈಲಿನಲ್ಲಿ 60 ಹೆಸರು, ಒಂದೂ ಮುಖವಿಲ್ಲ. ‘ಕೇಳ್ತಾ ಇದೆಯಾ?’ ಅಂದರೆ ಉತ್ತರವಿಲ್ಲ. ಒಮ್ಮೆ ಯಾರದೋ ಮೈಕ್ ಆನ್ ಆಗಿ ಕೋಳಿ ಕೂಗಿತು. ಅವತ್ತು ಸಿಕ್ಕ ಉತ್ತರ ಅದೊಂದೇ! ಪಾಠ ಮಾಡುವವಳಿಗೇ ಬೇಜಾರು ಬಂದಿತ್ತು, ಕೇಳುವವರ ಪಾಡು ಬೇರೆ ಹೇಳಬೇಕಾ?

ಆದರೆ ಸ್ವಯಂ ಅಂದರೆ ಬರೀ ವಿಡಿಯೋ ಅಲ್ಲ. ಓದುವ ಟಿಪ್ಪಣಿ, ಕಿರುಪರೀಕ್ಷೆ, ಪ್ರಶ್ನೆ ಕೇಳುವ ಜಾಗ ಎಲ್ಲ ಇವೆ. ಪೇಟೆಗೆ ಬಂದಾಗ ಟಿಪ್ಪಣಿ ಇಳಿಸಿಕೋ, ಮನೆಯಲ್ಲಿ ಮೊದಲು ಅದನ್ನು ಓದು. ಅರ್ಥವಾಗದ್ದಕ್ಕೆ ಮಾತ್ರ ಬೆಟ್ಟ ಹತ್ತು. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಟಿವಿಯಲ್ಲಿ ಪಾಠ ಬರುವ ‘ಸ್ವಯಂ ಪ್ರಭಾ’ ಚಾನೆಲ್‌ಗಳಿಗೆ ಇಂಟರ್ನೆಟ್ಟೇ ಬೇಡ. ನಿನ್ನ ವಿಷಯ ಬರುತ್ತದಾ ನೋಡು.

ಅಸೈನ್‌ಮೆಂಟ್ ತಾರೀಕು ಮಾತ್ರ ತಪ್ಪಿಸಬೇಡ. ಅದರ ಅಂಕವೂ ಕೊನೆಗೆ ಸೇರುತ್ತದೆ. ಮತ್ತೆ, ಮಳೆಗಾಲದಲ್ಲಿ ಒಬ್ಬಳೇ ಬೆಟ್ಟಕ್ಕೆ ಹೋಗಬೇಡ, ಉಂಬಳ (ಜಿಗಣೆ) ಜಾಸ್ತಿ.