ಸಭೆಯೆಲ್ಲ ಅತ್ತಿತು, ನನಗೆ ಅಳು ಬರಲಿಲ್ಲ

ಪ್ರಶ್ನೆ: ನನಗೆ 49 ವರ್ಷ. ಧಾರವಾಡದ ಕಡೆಯವಳು. ಬಾಸೆಲ್ ಮಿಷನ್ ಕಾಲದಿಂದ ನಮ್ಮದು ಕ್ರೈಸ್ತ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ನಮ್ಮವ್ವನ ಕಿರಿಮಗ ಕುಡಿತಕ್ಕೆ ಬಿದ್ದು ಅವ್ವನ ಕೈಯ ಪಾಟ್ಲಿ, ಬಿಲ್ವಾರ ಬಳೆ ಮಾರಿದ. ನನ್ನ ಹೆಸರಲ್ಲಿ ಸಾಲ ಮಾಡಿಸಿ ಊರು ಬಿಟ್ಟ. ಆರು ವರ್ಷ ಕಂತು ಕಟ್ಟಿದವಳು ನಾನು. ಅವ್ವ ಬರಿಗೈಯಲ್ಲೇ ಹೋದಳು. ಈಗ ಅವನು ಕುಡಿತ ಬಿಟ್ಟು ಎರಡು ವರ್ಷವಾಯಿತು. ದೇವರು ತನ್ನ ಬಾಳನ್ನು ಹೇಗೆ ಬದಲಿಸಿದ ಅಂತ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುತ್ತಾನೆ, ಜನ ಅಳುತ್ತಾರೆ. ದೇವಾಲಯದ ಮೆಟ್ಟಿಲೇ ಹತ್ತದ ಕುಡುಕರು ಅವನ ಹಿಂದೆ ಬರುತ್ತಿದ್ದಾರೆ. ಸಭೆಗೆ ಬರುವುದನ್ನು ಬಿಟ್ಟಿದ್ದ ನನ್ನ ಮಗನೂ ಬೆಂಗಳೂರಿನಿಂದ ರಾತ್ರಿ ರಾತ್ರಿ ಅವನಿಗೇ ಫೋನ್ ಮಾಡುತ್ತಾನೆ. ಇನ್ನು ಮೂರು ವಾರಕ್ಕೆ ಸುಗ್ಗಿ ಹಬ್ಬ. ಅವತ್ತು ಇಡೀ ಸಭೆಯ ಮುಂದೆ ಸಾಕ್ಷಿ ಹೇಳಲು ಸಭಾಪಾಲಕರು ಅವನನ್ನು ಕರೆದಿದ್ದಾರೆ. 'ದೇವರ ಜೊತೆ ನನ್ನ ಸಮಾಧಾನ ಆಗಿದೆ' ಅನ್ನುತ್ತಾನೆ. ನನ್ನ ಹತ್ತಿರ ಒಂದು ದಿನ 'ತಪ್ಪಾಯ್ತು' ಅಂದಿಲ್ಲ. ಅವನಿಂದ ಸಾಕ್ಷಿ ಹೇಳಿಸಬೇಡಿ ಎಂದು ಸಭಾಪಾಲಕರಿಗೆ ಹೇಳಿಬಿಡಲಾ? ಹೀಗೆ ಅನಿಸುವುದೇ ನನ್ನ ಪಾಪವಾ?

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಲ್ಲ. ಆರು ವರ್ಷ ಕಂತು ಕಟ್ಟಿದವರಿಗೆ ಸಿಟ್ಟೇ ಬಂದಿಲ್ಲ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ಆದರೆ ಸಾಕ್ಷಿ ನಿಲ್ಲಿಸಲು ಸಭಾಪಾಲಕರ ಹತ್ತಿರ ಹೋಗಬೇಡಿ. ಅವನ ಹಿಂದೆ ಬರುವ ಆ ಕುಡುಕರು ನಿಮ್ಮ ಹಿಂದೆ ಬರುವುದಿಲ್ಲ, ನನ್ನ ಹಿಂದೆಯೂ ಬರುವುದಿಲ್ಲ. ನಮ್ಮ ಇಸ್ತ್ರಿ ಮಾಡಿದ ಸೀರೆ ನೋಡಿಯೇ ಹಿಂದಕ್ಕೆ ಸರಿಯುತ್ತಾರೆ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯವನ್ನು ನೀವು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೀರೋ. ಬಾವಿಯ ಹತ್ತಿರದ ಆ ಸಮಾರ್ಯದ ಹೆಂಗಸಿಗೆ ಐದು ಗಂಡಂದಿರಾಗಿದ್ದರು, ಆರನೆಯವನು ಗಂಡನೇ ಅಲ್ಲ. ಊರಲ್ಲಿ ಅವಳಿಗೆ ಎಂಥ ಹೆಸರಿತ್ತೋ ಊಹಿಸಿಕೊಳ್ಳಿ. ಕೊಡ ಅಲ್ಲೇ ಬಿಟ್ಟು ಓಡಿಹೋಗಿ ಯೇಸುವಿನ ಹತ್ತಿರ ಊರನ್ನೇ ಕರೆತಂದವಳು ಅವಳು. ಊಟ ತರಲು ಅದೇ ಊರಿಗೆ ಹೋಗಿದ್ದ ಶಿಷ್ಯರು ತಂದದ್ದು ಬರೀ ಊಟ!

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಬಿತ್ತುವವನೊಬ್ಬ ಕೊಯ್ಯುವವನೊಬ್ಬ ಅಂತ. ನಿಮ್ಮ ಮಗ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ವಚನಗಳು ಯಾರ ಬಾಯಿಂದ ಕೇಳಿದವು? ಸೋದರಮಾವ ಈಗ ಮಾತಾಡುತ್ತಿರುವುದು ನೀವು ಹದ ಮಾಡಿಟ್ಟ ಹೊಲದಲ್ಲಿ. ನಿಮ್ಮ ಕಣ್ಣೊರೆಸಲು ಹೇಳುತ್ತಿಲ್ಲ. ಬೇಸಾಯ ಗೊತ್ತಿರುವ ಮನೆಯವರು ನೀವು, ಕಳೆ ಕಿತ್ತವರ ಹೆಸರು ಸುಗ್ಗಿಯಲ್ಲಿ ಯಾರೂ ಹೇಳುವುದಿಲ್ಲ ಅಲ್ವಾ?

ಈಗ ಆ 'ಸಮಾಧಾನ'ಕ್ಕೆ ಬರೋಣ. ನಮ್ಮ ಮನೆಗಳಲ್ಲಿ 'ಸಮಾಧಾನ ಮಾಡ್ಕೋ' ಅಂದರೆ ಬಾಯಿ ಮುಚ್ಚಿಕೊಂಡಿರು ಅಂತ ಅರ್ಥ. ಹೆಣ್ಣುಮಕ್ಕಳಿಗಂತೂ ಇದನ್ನು ಉಪ್ಪಿನಕಾಯಿಯಂತೆ ದಿನಾ ಬಡಿಸುತ್ತಾರೆ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳುವ ಸಮಾಧಾನ ಬೇರೆ. ಅದು ಮುರಿದ ಸಂಬಂಧ ಮತ್ತೆ ಕೂಡುವುದು. ದೇವರು ನಮ್ಮನ್ನು ತನ್ನ ಜೊತೆ ಕೂಡಿಸಿಕೊಂಡು, ಆ ಕೂಡಿಸುವ ಕೆಲಸವನ್ನೇ ನಮ್ಮ ಕೈಗೂ ಕೊಟ್ಟ ಅನ್ನುತ್ತಾನೆ ಪೌಲ. ನಿಮ್ಮ ತಮ್ಮ ಮೊದಲರ್ಧ ಹೇಳಿ ಕೂತುಬಿಟ್ಟಿದ್ದಾನೆ.

ನಿಮ್ಮ ಸಭೆಯಲ್ಲೇ ಇದಕ್ಕೊಂದು ಕ್ರಮ ಇದೆ. ಸಿಎಸ್‌ಐ 1947ರಲ್ಲಿ ಹುಟ್ಟಿತು. 1950ರಲ್ಲಿ ಬಳಕೆಗೆ ಬಂದ ಅದರ ಆರಾಧನಾ ಕ್ರಮದಲ್ಲಿ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಕಾಣಿಕೆಗೆ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿತು. ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದದ್ದು. ಕಾಣಿಕೆಗೆ ಮೊದಲೇ ಏಕೆ? ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಏನೋ ದೂರಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಮತ್ತಾಯನ ಐದನೇ ಅಧ್ಯಾಯ ಹೇಳುತ್ತದೆ. ಅವತ್ತು ನಿಮ್ಮ ತಮ್ಮ ತರುವ ಕಾಣಿಕೆ ಅವನ ಸಾಕ್ಷಿ. ನಿಮ್ಮ ದೂರು ಅವನಿಗೆ ನೆನಪಾಗಬೇಕು. ನೆನಪಾಗದಿದ್ದರೆ ನೆನಪು ಮಾಡಿಕೊಡಿ. ಅದರಲ್ಲಿ ಹೊಟ್ಟೆಕಿಚ್ಚೇನೂ ಇಲ್ಲ.

ಅವನು ನಾಟಕ ಆಡುತ್ತಿದ್ದಾನೆ ಅಂತ ಮಾತ್ರ ಬೇಗ ತೀರ್ಮಾನಿಸಬೇಡಿ. ಜಾನ್ ನ್ಯೂಟನ್ ಗೊತ್ತಲ್ಲ, ಗುಲಾಮರನ್ನು ಸಾಗಿಸುವ ಹಡಗಿನವನು, ಆಮೇಲೆ ಇಂಗ್ಲೆಂಡಿನಲ್ಲಿ ಪಾದ್ರಿಯಾದವನು. 1748ರ ಬಿರುಗಾಳಿಯಲ್ಲಿ ದೇವರನ್ನು ಕೂಗಿಕೊಂಡ. ಅದಾದ ಮೇಲೂ 1754ರವರೆಗೆ ಅದೇ ವ್ಯಾಪಾರ ಮಾಡಿದ, ಹಡಗಿನ ಕ್ಯಾಪ್ಟನ್ ಆಗಿಯೇ. ತಾನು ಮಾಡಿದ್ದು ಎಂಥ ಕೆಲಸ ಅಂತ ಊರಿಗೆಲ್ಲ ತಿಳಿಯುವಂತೆ ಬರೆದದ್ದು 1788ರಲ್ಲಿ. ದೇವರು ಸಿಕ್ಕ ದಿನವೇ ಪಕ್ಕದಲ್ಲಿ ಪೆಟ್ಟು ತಿಂದವರು ಕಾಣಿಸುವುದಿಲ್ಲ ಅಕ್ಕಾ. ಕೆಲವರಿಗೆ ನಲವತ್ತು ವರ್ಷ ಬೇಕಾಗುತ್ತದೆ. ನೀವು ಅಷ್ಟು ಕಾಯಬೇಕಾಗಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಇಡೀ ಪತ್ರದಲ್ಲಿ 'ತಮ್ಮ' ಅನ್ನುವ ಪದವೇ ಇಲ್ಲ, 'ನಮ್ಮವ್ವನ ಕಿರಿಮಗ' ಅಂದಿದ್ದೀರಿ. ಲೂಕನ ಸುವಾರ್ತೆಯಲ್ಲಿ, ಆಸ್ತಿ ಹಾಳುಮಾಡಿ ತಿರುಗಿ ಬಂದ ಕಿರಿಮಗನಿಗಾಗಿ ಅಪ್ಪ ಹಬ್ಬ ಮಾಡುವ ತಪ್ಪಿಹೋದ ಮಗನ ಕಥೆಯಲ್ಲಿ, ಹೊಲದಿಂದ ಬಂದ ಅಣ್ಣನೂ ಅಪ್ಪನ ಹತ್ತಿರ 'ಈ ನಿನ್ನ ಮಗ' ಅನ್ನುತ್ತಾನೆ. ಅಪ್ಪ ಮೆಲ್ಲಗೆ 'ಈ ನಿನ್ನ ತಮ್ಮ' ಅಂತ ತಿದ್ದುತ್ತಾನೆ. ಆದರೆ ದೇವಾಲಯದ ನಮ್ಮ ಬೋಧನೆಗಳಲ್ಲಿ ಒಂದು ವಿಷಯ ಬಿಟ್ಟೇ ಹೋಗುತ್ತದೆ. ಮುನಿಸಿಕೊಂಡು ಹೊರಗೆ ನಿಂತ ಅಣ್ಣನಿಗಾಗಿಯೂ ಅಪ್ಪ ಹಬ್ಬ ಬಿಟ್ಟು ಎದ್ದು ಹೊರಗೆ ಬಂದ. ಅಣ್ಣ ಒಳಗೆ ಹೋದನಾ, ಲೂಕ ಹೇಳುವುದಿಲ್ಲ. ಆ ಅಣ್ಣನಿಗೆ ತಮ್ಮನಿಂದ ಒಂದು ಕ್ಷಮೆಯ ಮಾತೂ ಸಿಕ್ಕಂತೆ ಕಾಣುವುದಿಲ್ಲ, ನಿಮ್ಮ ಹಾಗೆಯೇ.

ಹಬ್ಬಕ್ಕೆ ಮುಂಚೆ ತಮ್ಮನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿ. ಪಾಟ್ಲಿಯ ವಿಷಯ, ಸಾಲದ ವಿಷಯ ಹೆಸರು ಹಿಡಿದು ಹೇಳಿ. ಸಾಲದ ಕಾಗದ ಇದ್ದರೆ ಮುಂದಿಡಿ. ಕುಡಿತ ಬಿಡಿಸುವ 'ಎಎ' ಕೂಟಗಳಲ್ಲೂ ನೋವು ಕೊಟ್ಟವರ ಪಟ್ಟಿ ಮಾಡಿ ಸರಿಪಡಿಸಬೇಕು ಎನ್ನುವ ಹೆಜ್ಜೆ ಇದೆ, ಹಾಗಾಗಿ ಅವನಿಗೆ ಇದು ಪೂರ್ತಿ ಹೊಸದೇನಲ್ಲದಿರಬಹುದು. ಬೈಬಲಿನ ಸುಂಕದವನು ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕು ಪಾಲು ವಾಪಸ್ ಕೊಡುತ್ತೇನೆ ಅಂದ. ನಿಮ್ಮ ತಮ್ಮ ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟರೂ ತೆಗೆದುಕೊಳ್ಳಿ, 'ಇರಲಿ ಬಿಡು' ಅನ್ನಬೇಡಿ. ಹಬ್ಬದ ದಿನ ಮನೆಯ ಕಥೆ ಹೇಳುವುದಾದರೆ ಮೊದಲು ನನ್ನನ್ನು ಕೇಳು ಅಂತಲೂ ಹೇಳಿ. ಅವ್ವನ ಬರಿಗೈ ಅವನೊಬ್ಬನ ಕಥೆಯಲ್ಲ.

ಅವನು ರೇಗಿ ಎದ್ದು ಹೋದರೆ? ಆಗ ಸಭಾಪಾಲಕರನ್ನು ಕಾಣಿ. ಸಾಕ್ಷಿ ನಿಲ್ಲಿಸಿ ಅಂತಲ್ಲ, ನಮ್ಮಿಬ್ಬರ ನಡುವೆ ಕೂತು ಮಾತಾಡಿಸಿ ಅಂತ. ಕ್ಷಮಿಸುವುದು ಆ ದಿನವೇ ಆಗಬೇಕೆಂದಿಲ್ಲ.

ಈ ವಾರವೇ ಕರೆಯಿರಿ. ಊಟಕ್ಕೆ ಬೇಡ, ಚಹಾಕ್ಕೆ ಕರೆದರೆ ಸಾಕು. ಊಟಕ್ಕೆ ಕರೆದರೆ ರೊಟ್ಟಿ ಬಡಿಯುತ್ತ ನೀವು ಅಡುಗೆಮನೆಯಲ್ಲೇ ಉಳಿದುಬಿಡುತ್ತೀರಿ.